ಮಾಸ್‌ಮನ್ ಗಾರ್ಜ್ ಕಾಡುದಾರಿ: ಅರ್ಧ ಗಿಡ ಗುರುತು ಸಿಕ್ಕವು, ತಿನ್ನೋದು ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ

ಆಗುಂಬೆಮಳೆ (ಬ್ರಿಸ್ಬೇನ್)

ಮಕ್ಕಳ ರಜೆಯಲ್ಲಿ ಕೇರ್ನ್ಸ್‌ಗೆ ಹೋಗಿದ್ದೆವು. ಅಲ್ಲಿಗೆ ಹೋದವರೆಲ್ಲ ಹವಳದ ದಿಬ್ಬ ನೋಡಲು ದೋಣಿ ಹತ್ತುತ್ತಾರೆ. ನಮ್ಮ ಮನೆಯವಳಿಗೆ ದೋಣಿ ಕಂಡರೇ ವಾಂತಿ. ಹಾಗಾಗಿ ಒಂದು ದಿನ ಕಾರು ತಗೊಂಡು ಉತ್ತರಕ್ಕೆ ಹೊರಟೆವು. ಸುಮಾರು 80 ಕಿಲೋಮೀಟರ್. ಮಾಸ್‌ಮನ್ ಗಾರ್ಜ್ ಅಂತ ಜಾಗ, ಡೇಂಟ್ರೀ ಮಳೆಕಾಡಿನ ಅಂಚು. ಅಲ್ಲಿಯ ಕುಕು ಯಲಂಜಿ ಜನ ತಮ್ಮ ಕಾಡಿಗೆ ತಾವೇ ಕರೆದುಕೊಂಡು ಹೋಗಿ, ಯಾವ ಗಿಡ ಯಾತಕ್ಕೆ ಅಂತ ತೋರಿಸುತ್ತಾರೆ. ಒಂದೂವರೆ ಗಂಟೆಯ ನಡಿಗೆ. ಹೆಸರು 'ಙಾಡಿಗು'. ಹಳೇ ಕಾಲದ ಕಥೆಗಳು ಅಂತ ಅರ್ಥವಂತೆ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಮರೆತೇಬಿಟ್ಟ 'ಙ' ಇದೆಯಲ್ಲ, ಅದು ಅವರ ಮಾತಿನಲ್ಲಿ ಪದದ ಮೊದಲಿಗೇ ಬರುತ್ತದೆ. ನನಗೆ ಅದೇ ಒಂದು ಖುಷಿ.

ಹೊರಡುವ ಮೊದಲು ಬೆಂಕಿಗೆ ಹಸಿ ಎಲೆ ಹಾಕಿ ಹೊಗೆ ಎಬ್ಬಿಸುತ್ತಾರೆ. ಆ ಹೊಗೆಗೆ ಒಂದು ಸುತ್ತು ಬಂದು ಕಾಡಿಗೆ ಕಾಲಿಡಬೇಕು. ಕೆಟ್ಟದ್ದು ಹಿಂದೆ ಬರದಿರಲಿ ಅಂತ. "ಅಜ್ಜಿ ದೃಷ್ಟಿ ತೆಗೆದ ಹಾಗೇ ಇದೆ" ಅಂದಳು ಮಗಳು.

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಊರಿಗೇ ಬಂದೆ ಅನ್ನಿಸಿತು. ಅದೇ ಕೊಳೆತ ಎಲೆಯ ವಾಸನೆ. ಅದೇ ತರಹ ಮರದ ಬುಡದಲ್ಲಿ ಗೋಡೆಯಂಥ ಬೇರು. ದಾರಿಯಲ್ಲಿ ಗೋಲಿಗಿಂತ ಸ್ವಲ್ಪ ದೊಡ್ಡದಾದ ನೀಲಿ ಹಣ್ಣುಗಳು ಬಿದ್ದಿದ್ದವು. ಶಾಯಿ ಪೆನ್ನಿನ ನೀಲಿ. ಬ್ಲೂ ಕ್ವಾಂಡಾಂಗ್ ಅಂತಾರೆ. ಎಮುವಿನ ನೆಂಟ ಕ್ಯಾಸೊವರಿ ಹಕ್ಕಿ ಇದನ್ನು ಇಡಿಯಾಗಿ ನುಂಗುತ್ತದೆ. ಜನರೂ ಚೆನ್ನಾಗಿ ಹಣ್ಣಾದದ್ದನ್ನು ತಿನ್ನುತ್ತಿದ್ದರು, ನೀರಲ್ಲಿ ಕಿವುಚಿ ಪೇಸ್ಟಿನ ಹಾಗೆ ಮಾಡಿಕೊಳ್ಳುತ್ತಿದ್ದರು. ನಮ್ಮ ಗೈಡ್ ಉಗುರಿನಲ್ಲಿ ತೆಳ್ಳನೆ ತಿರುಳು ಕೆರೆದು ಒಳಗಿನ ಗೊರಟೆ ಅಂಗೈ ಮೇಲೆ ಇಟ್ಟರು.

ರುದ್ರಾಕ್ಷಿ ಮಾರಾಯ್ರೆ! ಅದೇ ಮುಖಗಳು, ಅದೇ ಗಂಟು ಗಂಟು. ಅವರೂ ಪೋಣಿಸಿ ಸರ ಮಾಡುತ್ತಾರಂತೆ.

ಆಮೇಲೆ ಒಂದು ಎಲೆ ಕಿತ್ತು, ನೀರು ಹಾಕಿ ಅಂಗೈಯಲ್ಲಿ ಉಜ್ಜಿದರು. ಬುರುಬುರು ನೊರೆ. ಅಂಟುವಾಳ ನೆನಪಾಯಿತು. ಮುಂದೆ ಹೋದರೆ ಬೆತ್ತ. ಮುಳ್ಳಿನ ಬಳ್ಳಿ ಅಂಗಿ ಹಿಡಿದರೆ ಬಿಡುವುದಿಲ್ಲ. ಅಲ್ಲಿಯ ಇಂಗ್ಲಿಷ್‌ನಲ್ಲಿ ಅದಕ್ಕೆ 'ಸ್ವಲ್ಪ ತಾಳು' ಅಂತಲೇ ಹೆಸರು. ಅದರಿಂದ ಎರಡು ಕೊಂಬಿನ ಬುಟ್ಟಿ ಹೆಣೆಯುತ್ತಾರೆ. ಇನ್ನೊಂದು ಎಲೆ ಹೃದಯದ ಆಕಾರ, ನೋಡಲು ಮೃದು, ಆದರೆ ಹತ್ತಿರ ಹೋಗಬೇಡಿ ಅಂದರು. ಗಿಂಪಿ ಗಿಂಪಿ. ತಾಗಿದರೆ ತಿಂಗಳುಗಟ್ಟಲೆ ಉರಿ. ನಮ್ಮ ಕಾಡಿನ ತುರಚೆಯ ದೊಡ್ಡಣ್ಣ.

ಕೊನೆಗೆ ಮರದ ಮೇಲೆ ಎಲೆ ಹೊಲಿದ ಗೂಡು. ಚಗಳಿ ಇರುವೆ! ಹೊಟ್ಟೆ ಮಾತ್ರ ಹಸಿರು.

ಅಷ್ಟು ಹೊತ್ತಿಗೆ ನಾನು ಮಕ್ಕಳ ಮುಂದೆ ಜಂಬ ಕೊಚ್ಚಿಕೊಳ್ಳಲು ಶುರು ಮಾಡಿದ್ದೆ. "ಇದೆಲ್ಲ ನಮ್ಮೂರಲ್ಲೂ ಇದೆ" ಅಂತ. ಆಗ ಗೈಡ್ ಒಂದು ದಪ್ಪ ಕೋಡು ಕೊಟ್ಟರು. ಒಳಗೆ ನಾಲ್ಕು ಕಂದು ಬೀಜ, ಒಂದೊಂದೂ ಗಾಲ್ಫ್ ಚೆಂಡಿನಷ್ಟು. ಬ್ಲ್ಯಾಕ್ ಬೀನ್. ನೋಡಿದರೆ ಹಲಸಿನ ಬೇಳೆ ನೆನಪಾಗುವಂತಿತ್ತು. "ಸುಟ್ಟು ತಿನ್ನಬಹುದಾ?" ಅಂತ ಕೇಳಿದೆ. ಅವರು ನಕ್ಕುಬಿಟ್ಟರು. ಸುಟ್ಟು ತಿಂದರೆ ಆಸ್ಪತ್ರೆ. ವಿಷ.

ಆದರೂ ಅದೇ ಅವರ ಒಂದು ಮುಖ್ಯ ಆಹಾರ ಆಗಿತ್ತು! ಹೇಗೆ ಅಂತ ಇನ್ನೊಮ್ಮೆ ಬರೆಯುತ್ತೇನೆ, ಉದ್ದ ಆಯ್ತು. ಆಸ್ಟ್ರೇಲಿಯದ ಬೇರೆ ಕಡೆ ಇಂಥ ನಡಿಗೆಗೆ ಯಾರಾದರೂ ಹೋಗಿದ್ದೀರಾ?

ಕಾನ್ಮನೆ (ಶಿರಸಿ)

ಚಗಳಿ ಅಂದ ಕೂಡಲೇ ಬಾಯಲ್ಲಿ ನೀರು ಬಂತು. ಅಲ್ಲಿ ಚಟ್ನಿ ಮಾಡ್ತಾರಾ ಇಲ್ವಾ, ಅದು ಹೇಳಿ ಮೊದಲು.

ಆಗುಂಬೆಮಳೆ

ಚಟ್ನಿ ಇಲ್ಲ. ಗೂಡನ್ನು ಅಂಗೈಯಲ್ಲಿ ಹಿಸುಕಿ, ನೀರಲ್ಲಿ ಕದಡಿ ಕುಡಿಯುತ್ತಾರೆ. ನೆಗಡಿ, ತಲೆನೋವಿಗೆ. ಸುಮ್ನೆ ಇರುವೆಯ ಹಿಂಭಾಗ ನಾಲಿಗೆಗೆ ತಾಗಿಸಿದರೂ ನಿಂಬೆಹುಳಿ. ನಾನು ತಾಗಿಸಿದೆ. ಮಗಳೂ ತಾಗಿಸಿದಳು. ಮಗ ಓಡಿಹೋದ.

ಕಾನ್ಮನೆ

ನಮ್ಮಲ್ಲಿ ಗೂಡನ್ನು ಮೊಟ್ಟೆ ಸಮೇತ ಕೊಯ್ದು, ಪಾತ್ರೆಗೆ ಕೊಡವಿ, ಬಾಣಲೆಯಲ್ಲಿ ಹುರಿದು, ಜೀರಿಗೆ ಮೆಣಸು, ಬೆಳ್ಳುಳ್ಳಿ, ಉಪ್ಪು, ಒಂದಿಷ್ಟು ಕಾಯಿ ಹಾಕಿ ಬೀಸುವುದು. ಮಳೆಗಾಲದ ಕೆಮ್ಮಿಗೆ ಅದಕ್ಕಿಂತ ಔಷಧಿ ಇಲ್ಲ ಅಂತಿದ್ದಳು ನಮ್ಮ ದೊಡ್ಡಮ್ಮ. ಔಷಧಿಯೋ ಅಲ್ಲವೋ, ಬಿಸಿ ಗಂಜಿಗೆ ಮಾತ್ರ ಅದೇ ಆಗಬೇಕು. ಅಲ್ಲಿಯ ಇರುವೆ ಬೇರೆ ಜಾತಿ ಇರಬೇಕು ಅಲ್ವಾ?

ಹರ್ಬೇರಿಯಂ (ಮೈಸೂರು)

ಬೇರೆ ಅಲ್ಲ, ಒಂದೇ. ಈಕೊಫಿಲ್ಲಾ ಸ್ಮರಾಗ್ಡಿನಾ. ಭಾರತದಿಂದ ಉತ್ತರ ಆಸ್ಟ್ರೇಲಿಯದ ತನಕ ಇದೇ ಜಾತಿ ಹಬ್ಬಿದೆ. ನಮ್ಮದು ಕೆಂಪು, ಅವರದು ಹಸಿರು ಹೊಟ್ಟೆ, ಅಷ್ಟೇ ವ್ಯತ್ಯಾಸ.

ರುದ್ರಾಕ್ಷಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಆ ನೀಲಿ ಹಣ್ಣಿನ ಮರ ಎಲಿಯೊಕಾರ್ಪಸ್. ನೇಪಾಳದ ರುದ್ರಾಕ್ಷಿ ಮರವೂ ಅದೇ ಕುಲ. ಅನೇಕ ಸಸ್ಯಶಾಸ್ತ್ರಜ್ಞರು ಎರಡನ್ನೂ ಒಂದೇ ಜಾತಿ ಅಂತಲೇ ಲೆಕ್ಕ ಹಾಕುತ್ತಾರೆ. ಇನ್ನೊಂದು ಮಜಾ: ಆ ನೀಲಿ ಬಣ್ಣ ಇದೆಯಲ್ಲ, ಅದು ಬಣ್ಣವೇ ಅಲ್ಲ. ಸಿಪ್ಪೆಯನ್ನು ಎಷ್ಟು ಅರೆದರೂ ನೀಲಿ ರಸ ಬರುವುದಿಲ್ಲ. ಸಿಪ್ಪೆಯ ಒಳಗಿನ ತೆಳು ಪದರಗಳು ಬೆಳಕನ್ನು ಹಾಗೆ ತಿರುಗಿಸುತ್ತವೆ. ನವಿಲುಗರಿಯ ಹಾಗೆ.

ನೇರಮಾತು (ಬೆಂಗಳೂರು)

ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಎಲ್ಲಿಗೆ ಹೋದರೂ "ಇದು ನಮ್ಮೂರಲ್ಲೂ ಇದೆ" ಅನ್ನೋದು ಯಾಕೆ? ರುದ್ರಾಕ್ಷಿ ಅಂದ ಕೂಡಲೇ ಅದು ನಮ್ಮದಾಗಿಬಿಡ್ತು. ಅವರಿಗೆ ಅದು ಕ್ಯಾಸೊವರಿ ಹಣ್ಣು. ಅವರ ಹೆಸರು ಏನು, ಅವರ ಕಥೆ ಏನು, ಅದು ಈ ಪೋಸ್ಟಿನಲ್ಲಿ ಬರಲೇ ಇಲ್ಲ.

ಆಗುಂಬೆಮಳೆ

ಬೇಜಾರಿಲ್ಲ. ಅರ್ಧ ಸರಿ ನೀವು ಹೇಳಿದ್ದು. ಅದಕ್ಕೇ ಬ್ಲ್ಯಾಕ್ ಬೀನ್ ವಿಷಯದಲ್ಲಿ ನಾನು ಮಂಗ ಆದದ್ದು. ಗಿಡ ಗುರುತು ಹಿಡಿಯೋದೇ ಜ್ಞಾನ ಅಂದುಕೊಂಡಿದ್ದೆ.

ಈಗ ಆ ಬೀಜದ ಕಥೆ ಹೇಳುತ್ತೇನೆ, ಗೈಡ್ ಹೇಳಿದ್ದು ಮತ್ತು ಆಮೇಲೆ ಓದಿದ್ದು ಎರಡೂ ಸೇರಿಸಿ. ಮೊದಲು ಬೀಜವನ್ನು ನೆಲದ ಒಲೆಯಲ್ಲಿ ಬೇಯಿಸಬೇಕು. ಗುಂಡಿ ತೋಡಿ, ಕಲ್ಲು ಕಾಯಿಸಿ, ಎಲೆ ಮುಚ್ಚಿ. ಆಮೇಲೆ ತೆಳ್ಳಗೆ ಹೆರೆಯಬೇಕು, ಬಾಳೆಕಾಯಿ ಚಿಪ್ಸ್‌ಗೆ ಹೆರೆದ ಹಾಗೆ. ಅದಕ್ಕೆ ಕಾಡಿನ ಶಂಖದ ಹುಳುವಿನ ಚಿಪ್ಪು ಬಳಸುತ್ತಿದ್ದರು. ಹೆರೆದದ್ದನ್ನು ಬುಟ್ಟಿಗೆ ತುಂಬಿ ಹರಿಯುವ ತೊರೆಯಲ್ಲಿ ಕಟ್ಟಿಹಾಕಬೇಕು. ನಿಂತ ನೀರು ಆಗದು. ಹಲವು ದಿನ ಬಿಡಬೇಕು. ಬೆತ್ತದ ಬುಟ್ಟಿ ಯಾಕೆ ಅಷ್ಟು ಮುಖ್ಯ ಅಂತ ಆಗ ಅರ್ಥ ಆಯ್ತು ನನಗೆ. ನೀರು ಒಳಗೆ ಹೋಗಬೇಕು, ಹೊರಗೆ ಬರಬೇಕು, ಚೂರು ಮಾತ್ರ ಕೊಚ್ಚಿ ಹೋಗಬಾರದು. ಬುಟ್ಟಿಯೇ ಅಡುಗೆಮನೆಯ ಪಾತ್ರೆ. ಆಮೇಲೆ ಜಜ್ಜಿ ಹಿಟ್ಟು ಮಾಡಿ ರೊಟ್ಟಿ.

ಹೇಳಿ, ಕಳಲೆಗೆ ನಾವು ಮಾಡುವುದೂ ಇದೇ ಅಲ್ವಾ? ಹೆಚ್ಚಿ ನೀರಲ್ಲಿ ಹಾಕಿ ಎರಡು ಮೂರು ದಿನ, ದಿನಾ ನೀರು ಬದಲಿಸಿ. ಕಳಲೆಯಲ್ಲೂ ಸಯನೈಡ್ ಇರುತ್ತದೆ ಅಂತ ನಮ್ಮ ಅಮ್ಮನಿಗೆ ಗೊತ್ತಿಲ್ಲ. ಮೂಸಿ ನೋಡಿ "ಇನ್ನೊಂದು ನೀರು ಆಗಬೇಕು" ಅಂತಾಳೆ. ನೇರಮಾತು ಅವರೇ, ಹೋಲಿಕೆ ಮತ್ತೆ ಬಂತು, ಕ್ಷಮಿಸಿ.

ನೇರಮಾತು

ಈ ಹೋಲಿಕೆ ನಡೆಯುತ್ತೆ. ಗಿಡದ್ದಲ್ಲ, ಕೆಲಸದ್ದು.

ಡಾರ್ಲಿಂಗ್‌ಹರ್ಬರ್‌ಅಕ್ಕ (ಸಿಡ್ನಿ)

ನಾವು ಸಿಡ್ನಿಗೆ ಬಂದು ಹತ್ತೊಂಬತ್ತು ವರ್ಷ. ಇಲ್ಲಿಯ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ 'ಕಾಡಿ ಜಾಮ್ ಓರಾ' ಅಂತ ಒಂದು ಭಾಗ ಇದೆ. ಕಾಡಿಗಲ್ ಜನರ ನೆಲ ಅದು. 1788ರಲ್ಲಿ ಬ್ರಿಟಿಷರು ಬಂದಿಳಿದು ಮೊದಲ ಹೊಲ ಮಾಡಿದ್ದು ಆ ಜಾಗದಲ್ಲೇ. ಬೆಳೆ ಸರಿಯಾಗಿ ಬರಲಿಲ್ಲ. ಹಸಿವಿನಿಂದ ಒದ್ದಾಡಿದರು. ಸುತ್ತ ತಿನ್ನುವ ಗಿಡ ತುಂಬಿತ್ತು. ಗೊತ್ತಿದ್ದವರನ್ನು ಕೇಳುವ ಅಭ್ಯಾಸ ಇರಲಿಲ್ಲ, ಏನು ಮಾಡುವುದು.

ನನಗೆ ಅಲ್ಲಿ ಇಷ್ಟ ಲೊಮಾಂಡ್ರಾ. ಸಿಡ್ನಿಯ ರಸ್ತೆ ಬದಿಯಲ್ಲೆಲ್ಲ ನೆಟ್ಟಿರ್ತಾರೆ, ಯಾರೂ ತಿರುಗಿ ನೋಡಲ್ಲ. ಗರಿಗಟ್ಟಿ ಹುಲ್ಲಿನಂಥದ್ದು. ಅದರ ಎಲೆ ಸೀಳಿ ಬುಟ್ಟಿ, ಮೀನಿನ ಬಲೆ ಹೆಣೆಯುತ್ತಿದ್ದರು. ನಾನೊಂದು ದಿನ ಹೆಣಿಗೆ ಕಲಿಸುವ ಕಡೆ ಹೋಗಿದ್ದೆ. ಕಲಿಸುವಾಕೆ ನಡುಗರಿ ಹಿಡಿದು ಎಳೆದರು. ಬುಡದಲ್ಲಿ ಬೆಳ್ಳಗೆ ಒಂದು ಇಂಚು. ಜಗಿದು ನೋಡಿ ಅಂದರು. ಹಸಿ ಬಟಾಣಿ ರುಚಿ! ಆಮೇಲೆ ಗರಿ ನೆನೆಸಿ ಹೊಸೆಯೋಕೆ ಕೊಟ್ಟರು. ಬಲಗೈ ಅಂಗೈಯಲ್ಲಿ ತೊಡೆ ಮೇಲೆ ಉರುಳಿಸಬೇಕು. ದೀಪದ ಬತ್ತಿ ಹೊಸೆದ ಕೈ ನಂದು, ತಕ್ಷಣ ಬಂತು. ಪಕ್ಕದಲ್ಲಿದ್ದ ಹುಡುಗಿಯರಿಗೆ ಗಂಟೆ ಹಿಡಿಯಿತು. ನೇರಮಾತು, ಇದೂ ಕೆಲಸದ ಹೋಲಿಕೆನೇ, ಬಯ್ಯಬೇಡಪ್ಪ.

ಇನ್ನು ವಾರಿಗಲ್ ಗ್ರೀನ್ಸ್. ಸಮುದ್ರದ ಅಂಚಲ್ಲಿ ಹರಡಿಕೊಂಡು ಬೆಳೆಯುವ ದಪ್ಪ ಎಲೆಯ ಸೊಪ್ಪು. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗಿನವರು ಸ್ಕರ್ವಿ (ಸಿ ಜೀವಸತ್ವ ಇಲ್ಲದೆ ಬರುವ ಕಾಯಿಲೆ) ಬಾರದಿರಲಿ ಅಂತ ತಿಂದದ್ದು ಇದೇ. ನಮ್ಮ ಹಿತ್ತಲಲ್ಲಿ ಇದೆ. ನರ್ಸರಿಯಿಂದ ತಂದ ಗಿಡ. ಬಸಳೆ ಮಾಡಿದ ಹಾಗೆ ಮಾಡ್ತೀನಿ. ಆದರೆ ಮೊದಲು ಕುದಿಯೋ ನೀರಲ್ಲಿ ಎರಡು ಮೂರು ನಿಮಿಷ ಬೇಯಿಸಿ ಆ ನೀರು ಚೆಲ್ಲಬೇಕು. ಆಕ್ಸಲೇಟ್ ಜಾಸ್ತಿ. ಕೆಸುವಿನ ಎಲೆ ಗಂಟಲು ಕೆರೆಯುವುದು ಅದೇ ಕಾರಣಕ್ಕೆ. ಕೆಸುವಿಗೆ ಹುಣಸೆಹುಳಿ, ಇದಕ್ಕೆ ಕುದಿನೀರು. ಆಮೇಲೆ ತೊಗರಿಬೇಳೆ, ಕಾಯಿ, ಬೆಳ್ಳುಳ್ಳಿ ಒಗ್ಗರಣೆ. ನಮ್ಮೆಜಮಾನ್ರು ಎರಡು ಸಲ ಹಾಕಿಸ್ಕೊಂಡರು, ಪಾಲಕ್ ಅಂದುಕೊಂಡು.

ಮೇಷ್ಟ್ರು (ಧಾರವಾಡ)

ಕುಕ್ ಹೆಸರು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 1770ರಲ್ಲಿ ಅದೇ ಎಂಡೆವರ್ ಹಡಗು ಹವಳಕ್ಕೆ ಬಡಿದು ತೂತಾಯಿತು. ಮಾಸ್‌ಮನ್‌ಗಿಂತ ಇನ್ನೂ ಉತ್ತರಕ್ಕೆ, ಈಗಿನ ಕುಕ್‌ಟೌನ್ ಹತ್ತಿರ ನದಿಬಾಯಲ್ಲಿ ರಿಪೇರಿಗೆ ನಿಂತರು. ಏಳು ವಾರ. ಅಲ್ಲಿಯ ಜನ ಸೈಕಾಸ್ ಎಂಬ, ತಾಳೆಯಂತೆ ಕಾಣುವ ಗಿಡದ ಬೀಜ ತಿನ್ನುವ ಗುರುತು ಕಂಡು, ಇವರಲ್ಲೂ ಕೆಲವರು ತಿಂದರು. ಮಲಗಿಬಿಟ್ಟರು. ಹಡಗಿನ ಹಂದಿಗಳಿಗೂ ಹಾಕಿದರು, ಹಂದಿ ಸತ್ತವು. ಆ ಬೀಜವೂ ಬ್ಲ್ಯಾಕ್ ಬೀನ್ ತರಹವೇ, ನೀರಲ್ಲಿ ಬಿಟ್ಟು ವಿಷ ತೆಗೆಯಬೇಕಾದದ್ದು.

ತೊಂಬತ್ತು ವರ್ಷದ ಮೇಲೆ ಇದೇ ತಪ್ಪು ಮತ್ತೆ ಆಯಿತು, ಈ ಸಲ ಪ್ರಾಣಕ್ಕೇ ಬಂತು. ಬರ್ಕ್ ಮತ್ತು ವಿಲ್ಸ್. ಮೆಲ್ಬರ್ನ್‌ನಿಂದ ಹೊರಟು ಖಂಡವನ್ನೇ ಉತ್ತರಕ್ಕೆ ದಾಟಿದವರು. 1861ರಲ್ಲಿ ವಾಪಸ್ ಬರುವಾಗ ಕೂಪರ್ ಕ್ರೀಕ್‌ನಲ್ಲಿ ಊಟ ಮುಗಿಯಿತು. ಅಲ್ಲಿಯ ಯಂಡ್ರುವಂಡ ಜನ ಇವರಿಗೆ ಮೀನು ಕೊಟ್ಟರು, ನಾರ್ಡೂ ಎಂಬುದರ ರೊಟ್ಟಿ ಕೊಟ್ಟರು. ನಾರ್ಡೂ ಅಂದರೆ ಮಾರ್ಸಿಲಿಯಾ. ನಮ್ಮ ಗದ್ದೆಯ ನೀರಲ್ಲೂ ಅದರ ತಂಗಿ ಇದೆ, ನಾಲ್ಕು ಎಲೆಯ ಕೊಡೆ ಬಿಚ್ಚಿಕೊಂಡು ತೇಲುವ ಪುಟ್ಟ ಜರಿಗಿಡ. ಅದರ ಬುಡದಲ್ಲಿ ಕಾಳಿನಂಥ ಗಟ್ಟಿ ಕಾಯಿ ಆಗುತ್ತದೆ. ಬರ್ಕ್ ಆ ಜನರೊಂದಿಗೆ ಜಗಳ ಮಾಡಿಕೊಂಡು ದೂರ ಮಾಡಿದ. ಆಮೇಲೆ ಇವರೇ ನಾರ್ಡೂ ಆಯ್ದು, ಬೀಸಿ, ಬೇಯಿಸಿ ತಿಂದರು. ದಿನಾ ಹೊಟ್ಟೆ ತುಂಬ ತಿನ್ನುತ್ತಾ ಸೊರಗಿ ಹೋದರು. ಆ ಕಾಯಿಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇದೆ. ಊರವರು ಹುರಿದು, ಜಾಸ್ತಿ ನೀರು ಹಾಕಿ ಅರೆಯುತ್ತಿದ್ದರು. ಇವರು ಆ ಹಂತ ಬಿಟ್ಟರು ಎನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ.

ಜೊತೆಗಿದ್ದ ಜಾನ್ ಕಿಂಗ್ ಮಾತ್ರ ಆ ಜನರ ಹತ್ತಿರ ಹೋಗಿ ಸೇರಿಕೊಂಡ. ಅವರು ಸಾಕಿದರು. ಸೆಪ್ಟೆಂಬರ್‌ನಲ್ಲಿ ಹುಡುಕಿ ಬಂದವರಿಗೆ ಜೀವಂತ ಸಿಕ್ಕವನು ಅವನೊಬ್ಬನೇ.

ಕಾನ್ಮನೆ

ಮೇಷ್ಟ್ರೇ, ಶಾಲೆಯಲ್ಲಿ ಇತಿಹಾಸ ಹಿಂಗೆ ಹೇಳಿದ್ದರೆ ನಾನು ಪಾಸಾಗ್ತಿದ್ದೆ.

ಕಾಫಿಗಿಡ (ಮಡಿಕೇರಿ)

ನಮ್ಮ ತೋಟದಲ್ಲಿ ಕರಿಮೆಣಸು ಹಬ್ಬಿಸಿರೋದು ಪೂರ್ತಿ ಸಿಲ್ವರ್ ಓಕ್ ಮೇಲೆ. ಅದೂ ಆಸ್ಟ್ರೇಲಿಯದ್ದು ಅಂತಾರೆ. ಅಲ್ಲಿ ಜನ ಅದರ ಹೂವಿನ ಜೇನು ಹೀರ್ತಾರಂತೆ, ಎಲ್ಲೋ ಓದಿದ್ದೆ. ನಮ್ಮ ಹುಡುಗರಿಗೆ ಹೇಳ್ಲಾ?

ಹರ್ಬೇರಿಯಂ

ದಯವಿಟ್ಟು ಹೇಳಬೇಡಿ! ಸಿಲ್ವರ್ ಓಕ್ ಅಂದರೆ ಗ್ರೆವಿಲ್ಲಿಯಾ ರೊಬಸ್ಟಾ, ಕ್ವೀನ್ಸ್‌ಲ್ಯಾಂಡ್‌ನ ದಕ್ಷಿಣ ಭಾಗ ಮತ್ತು ನ್ಯೂ ಸೌತ್ ವೇಲ್ಸ್‌ನ ಉತ್ತರದ್ದು. ಗ್ರೆವಿಲ್ಲಿಯಾ ಕುಲದ ಹೂವಿನ ಜೇನನ್ನು ಅಲ್ಲಿಯ ಜನ ಹೀರುತ್ತಿದ್ದರು, ನೀರಲ್ಲಿ ಅದ್ದಿ ಪಾನಕದ ಹಾಗೆ ಕುಡಿಯುತ್ತಿದ್ದರು, ನಿಜ. ಆದರೆ ಸಿಲ್ವರ್ ಓಕ್‌ನ ಹೂವು ಕಾಯಿಯಲ್ಲಿ ಸಯನೈಡ್ ಅಂಶ ಇದೆ. ಯಾವ ಗಿಡ, ಯಾವ ಭಾಗ, ಎಷ್ಟು ಅನ್ನುವುದು ತಿಳಿದವರ ಕೆಲಸ. ಇಷ್ಟು ಹೊತ್ತು ನಾವು ಮಾತಾಡಿದ್ದೇ ಅದನ್ನ ಅಲ್ವಾ.

ಕರಾವಳಿಯವರಿಗೆ ಇನ್ನೂ ಒಂದು. ಗುಡ್ಡ ಗುಡ್ಡವೇ ತುಂಬಿಸಿರುವ ಅಕೇಶಿಯಾ ಕೂಡ ಉತ್ತರ ಆಸ್ಟ್ರೇಲಿಯ, ನ್ಯೂಗಿನಿ ಕಡೆಯದು. ಅಲ್ಲಿ ಅಕೇಶಿಯಾ ಜಾತಿಗಳು ಸಾವಿರದ ಹತ್ತಿರ ಇವೆ. ಕೆಲವದರ ಬೀಜ ಹುರಿದು ಬೀಸಿ ರೊಟ್ಟಿ, ಕೆಲವದರ ಅಂಟು ತಿನ್ನಲು, ಕೆಲವದರ ಕಟ್ಟಿಗೆಯಿಂದ ಬೂಮರಾಂಗ್. ಉತ್ತರದಲ್ಲಿ ಒಂದು ಜಾತಿಯ ಹಸಿ ಕೋಡನ್ನು ನೀರಲ್ಲಿ ಉಜ್ಜಿದರೆ ನೊರೆ ಬರುತ್ತದೆ, ಸೋಪು. ನಮ್ಮ ಸೀಗೆಯನ್ನೂ ಅಕೇಶಿಯಾ ಅಂತಲೇ ಕರೆಯುತ್ತಿದ್ದರು. ಜಾಲಿಯನ್ನೂ. 2005ರಲ್ಲಿ ವಿಯೆನ್ನಾದಲ್ಲಿ ಸಸ್ಯಶಾಸ್ತ್ರಜ್ಞರು ಸೇರಿ, ಕುಲವನ್ನು ಒಡೆದರೆ ಆ ಹೆಸರು ಆಸ್ಟ್ರೇಲಿಯದ ಗುಂಪಿಗೆ ಅಂತ ತೀರ್ಮಾನ ಮಾಡಿದರು. ಈಗ ಜಾಲಿ ವಾಚೆಲಿಯಾ, ಸೀಗೆ ಸೆನೆಗಾಲಿಯಾ. ಮೂವತ್ತು ವರ್ಷ ಪಾಠ ಮಾಡಿದ ಹೆಸರು ಹೋಯಿತು ಅಂತ ನನಗೆ ಇನ್ನೂ ಸಿಟ್ಟಿದೆ.

ಕರಾವಳಿಹುಡುಗ (ಕುಂದಾಪುರ)

ಅಂದರೆ ಅವರಿಗೆ ಸೋಪು, ರೊಟ್ಟಿ, ಬೂಮರಾಂಗ್ ಕೊಟ್ಟ ಮರ ನಮಗೆ ಬರೀ ಸೌದೆ ಮತ್ತು ಒಣಗಿದ ಬಾವಿ ಕೊಟ್ಟಿತು. ನೀಲಗಿರಿಯದ್ದೂ ಅದೇ ಕಥೆ ಮಾರ್ರೆ. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬೇಡಿ ಅಂತ ನಿಷೇಧ ಹಾಕುವಷ್ಟರಲ್ಲಿ ಕೋಲಾರದ ಕಡೆಯೆಲ್ಲ ಅದೇ ಆಗಿತ್ತು.

ಹರ್ಬೇರಿಯಂ

ಮರದ ತಪ್ಪಲ್ಲ. ಬಂದದ್ದು ಬೀಜ ಮಾತ್ರ, ಅದರ ಜೊತೆ ಬದುಕುವ ಕ್ರಮ ಬರಲಿಲ್ಲ.

ಯಳಂದೂರಿನವ (ಚಾಮರಾಜನಗರ)

ಇಷ್ಟು ದಿನ ಓದಿ ಸುಮ್ಮನೆ ಹೋಗುತ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮದು ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಊರು. ಸೋಲಿಗರ ಜೊತೆ ಓದಿ ಬೆಳೆದವನು. ಅವರಲ್ಲಿ 'ತರಗು ಬೆಂಕಿ' ಅಂತ ಇತ್ತು. ಬೇಸಿಗೆ ಪೂರ್ತಿ ಬಲಿಯುವ ಮೊದಲು, ತರಗೆಲೆ ಅರೆಬರೆ ಒಣಗಿದ್ದಾಗ ಸಣ್ಣ ಬೆಂಕಿ ಹಾಕುವುದು. ಮೊಣಕಾಲ ಎತ್ತರ ಏಳದ ಬೆಂಕಿ. ಪೊದೆ ಸುಡುತ್ತದೆ, ಮರಕ್ಕೆ ಏನೂ ಆಗಲ್ಲ, ಹೊಸ ಹುಲ್ಲು ಬರುತ್ತದೆ, ನೆಲ್ಲಿಮರಕ್ಕೆ ಹತ್ತಿದ ಬಂದಳಿಕೆ ಕಮ್ಮಿ ಆಗುತ್ತದೆ. 1974ರಲ್ಲಿ ವನ್ಯಧಾಮ ಆದ ಮೇಲೆ ಅದು ನಿಂತಿತು. ಲಂಟಾನ ತುಂಬಿಕೊಂಡಿತು. ಈಗ ಬೆಂಕಿ ಬಿದ್ದರೆ ಲಂಟಾನ ಹಿಡಿದು ಮರದ ತುದಿಗೆ ಹತ್ತುತ್ತದೆ.

ಆಸ್ಟ್ರೇಲಿಯದಲ್ಲೂ ಹೀಗೇ ಸಣ್ಣ ಬೆಂಕಿ ಹಾಕಿ ಕಾಡು ನೋಡಿಕೊಳ್ಳುತ್ತಿದ್ದರು ಅಂತ ಕೇಳಿದ್ದೇನೆ. ಅಲ್ಲಿ ಅದು ಉಳಿದಿದೆಯಾ?

ಮೇಷ್ಟ್ರು

ಇತ್ತು, ಇದೆ. 1969ರಲ್ಲಿ ರೀಸ್ ಜೋನ್ಸ್ ಎಂಬ ಪುರಾತತ್ವಜ್ಞ ಅದಕ್ಕೆ ಬೆಂಕಿಕೋಲಿನ ಬೇಸಾಯ ಅಂತ ಹೆಸರಿಟ್ಟರು. ಹುಲ್ಲು ಚಿಗುರಿದರೆ ಕಾಂಗರೂ ಬರುತ್ತದೆ, ಗೆಡ್ಡೆ ಚೆನ್ನಾಗಿ ಬರುತ್ತದೆ. ಆಸ್ಟ್ರೇಲಿಯದ ಆಗ್ನೇಯ ಭಾಗದಲ್ಲಿ ಮರ್ನಾಂಗ್ ಅಂತ ಹಳದಿ ಹೂವಿನ ಗಿಡ ಇತ್ತು. ಹೆಂಗಸರು ಕೋಲಿನಿಂದ ನೆಲ ಕೆದಕಿ ಗೆಡ್ಡೆ ತೆಗೆಯುತ್ತಿದ್ದರು, ಕೆದಕಿದಷ್ಟೂ ಮಣ್ಣು ಸಡಿಲಾಗಿ ಮುಂದಿನ ವರ್ಷ ಇನ್ನೂ ಬರುತ್ತಿತ್ತು. ಬ್ರಿಟಿಷರ ಕುರಿಗಳು ಬಂದವು. ಕೆಲವೇ ವರ್ಷಗಳಲ್ಲಿ ಬೇರುಸಹಿತ ತಿಂದು ಹಾಕಿದವು. ಈಗ ಅಲ್ಲಲ್ಲಿ ಮತ್ತೆ ಬೆಳೆಸುತ್ತಿದ್ದಾರೆ. ಸಣ್ಣ ಬೆಂಕಿಯನ್ನೂ ಹಲವು ಕಡೆ ಮೂಲನಿವಾಸಿಗಳೇ ಮುಂದೆ ನಿಂತು ಮತ್ತೆ ಹಾಕುತ್ತಿದ್ದಾರೆ.

ಆಗುಂಬೆಮಳೆ

ಯಳಂದೂರಿನವರೇ, ಸೋಲಿಗರಿಗೆ ಕಾಡಿನ ಹಕ್ಕು ಸಿಕ್ಕಿತಲ್ವಾ?

ಯಳಂದೂರಿನವ

ಸಿಕ್ಕಿತು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು. ಅದೇ ವರ್ಷ ಹುಲಿ ಮೀಸಲು ಪ್ರದೇಶವೂ ಆಯಿತು. ಜೇನು, ನೆಲ್ಲಿ, ಪಾಚಿ ತೆಗೆಯುವ ಹಕ್ಕು ಕಾಗದದಲ್ಲಿ ಇದೆ. ಬೆಂಕಿ ಹಾಕುವ ಹಾಗಿಲ್ಲ.

ಆಗುಂಬೆಮಳೆ

ಕುಕು ಯಲಂಜಿ ಜನರಿಗೆ 2021ರ ಸೆಪ್ಟೆಂಬರ್‌ನಲ್ಲಿ ಡೇಂಟ್ರೀ ಸೇರಿ 1,60,000 ಹೆಕ್ಟೇರ್‌ಗೂ ಹೆಚ್ಚು ನೆಲ ವಾಪಸ್ ಬಂತು. ರಾಷ್ಟ್ರೀಯ ಉದ್ಯಾನ ಹಾಗೇ ಇದೆ, ಆದರೆ ಮಾಲೀಕರು ಅವರು. ಸರ್ಕಾರದ ಜೊತೆ ಸೇರಿ ನೋಡಿಕೊಳ್ಳುತ್ತಾರೆ. ನಡಿಗೆಯಲ್ಲಿ ಗೈಡ್ ಮಾತಾಡುವ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. ಮನೆ ತೋರಿಸುವವರ ಹಾಗೆ. "ಅಲ್ಲಿಗೆ ಬೇಡ, ಅದು ಹೆಂಗಸರ ಜಾಗ" ಅಂದರು ಒಂದು ಕಡೆ. ಯಾಕೆ ಅಂತ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಐಟಿಪಯಣಿಗ (ಮೆಲ್ಬರ್ನ್)

ಚೆನ್ನಾಗಿದೆ ಚರ್ಚೆ. ಒಂದು ಡೌಟು. ಆ ರುದ್ರಾಕ್ಷಿ ನಾಲ್ಕು ಆರಿಸಿಕೊಂಡು ಬಂದು ಊರಿಗೆ ಕಳಿಸಬಹುದಾ? ಅಮ್ಮನಿಗೆ ಖುಷಿ ಆಗುತ್ತೆ.

ಡಾರ್ಲಿಂಗ್‌ಹರ್ಬರ್‌ಅಕ್ಕ

ಬೇಡಪ್ಪಾ. ರಾಷ್ಟ್ರೀಯ ಉದ್ಯಾನದಿಂದ ಎಲೆಯೂ ಎತ್ತುವ ಹಾಗಿಲ್ಲ. ಇನ್ನು ಬೀಜವನ್ನು ಭಾರತಕ್ಕೆ ಕಳಿಸೋದು ಅಂದರೆ ಕ್ವಾರಂಟೈನ್ ಕಾಗದ ಬೇಕು. ಅಮ್ಮನಿಗೆ ಫೋಟೋ ಕಳಿಸು. ಇಲ್ಲಾಂದ್ರೆ ಅಲ್ಲಿಯ ಜನ ಮಾಡಿ ಮಾರುವ ಸರ ಸಿಕ್ಕಿದರೆ ಕೊಂಡುಕೋ, ಬಿಲ್ಲು ಇಟ್ಟುಕೋ.

ನೇರಮಾತು

ಇದೇ ಸರಿ. ಗಿಡದ ಗುಣ ಗೊತ್ತಾದ ಕೂಡಲೇ ಜೇಬಿಗೆ ಹಾಕ್ಕೊಳ್ಳೋರು ಜಾಸ್ತಿ. ಕಕಾಡು ಪ್ಲಮ್ ಕಥೆ ಗೊತ್ತಲ್ಲ? ಉತ್ತರ ಆಸ್ಟ್ರೇಲಿಯದ ಹಣ್ಣು, ಸಿ ಜೀವಸತ್ವ ವಿಪರೀತ. ಸಾವಿರಾರು ವರ್ಷದಿಂದ ಅಲ್ಲಿಯ ಜನ ತಿನ್ನುತ್ತಿದ್ದಾರೆ. ಅದರ ಸಾರದ ಮೇಲೆ ಒಂದು ಅಮೆರಿಕನ್ ಸೌಂದರ್ಯವರ್ಧಕ ಕಂಪನಿ ಆಸ್ಟ್ರೇಲಿಯದಲ್ಲಿ ಪೇಟೆಂಟ್ ಕೇಳಿತ್ತು. ಆಕ್ಷೇಪ ಬಂದ ಮೇಲೆ ಅರ್ಜಿ ವಾಪಸ್ ತಗೊಂಡಿತು. ನಮಗೆ ಅರಿಶಿನದ್ದು ನೆನಪಿದೆ. ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. 1997ರಲ್ಲಿ ರದ್ದಾಯಿತು.

ಹರ್ಬೇರಿಯಂ

ಕಕಾಡು ಪ್ಲಮ್ ಟರ್ಮಿನೇಲಿಯಾ ಕುಲ. ಅಳಲೆ, ತಾರೆ, ಮತ್ತಿ ಎಲ್ಲ ಅದೇ ಮನೆತನ. (ನೇರಮಾತು ಕ್ಷಮಿಸಲಿ.)

ಬ್ಲ್ಯಾಕ್ ಬೀನ್ ಮೇಲೂ ಪ್ರಯೋಗಾಲಯದವರ ಕಣ್ಣು ಬಿದ್ದಿತ್ತು. ಆ ಬೀಜದ ಕ್ಯಾಸ್ಟನೊಸ್ಪರ್ಮಿನ್ ಎಂಬ ವಸ್ತು ಎಚ್‌ಐವಿಗೆ ಮದ್ದಾಗಬಹುದಾ ಅಂತ 1980ರ ದಶಕದ ಕೊನೆಯಲ್ಲಿ ಪರೀಕ್ಷೆ ನಡೆದಿತ್ತು. ಕುಕು ಯಲಂಜಿ ಜನ ತೊರೆಯ ನೀರಲ್ಲಿ ಬಿಟ್ಟು ಕಳೆಯುತ್ತಿದ್ದದ್ದು ಅಂಥ ವಸ್ತುಗಳನ್ನೇ.

ನೇರಮಾತು

ಕ್ಷಮಿಸಿದೆ. ಆಗುಂಬೆಮಳೆ, ನನ್ನ ಮೊದಲ ಪ್ರಶ್ನೆಗೆ ಉತ್ತರ ಬಂದಿಲ್ಲ. ಅವರ ಹೆಸರುಗಳು?

ಆಗುಂಬೆಮಳೆ

ನಾನು ಬರೆದುಕೊಂಡದ್ದು ಕಮ್ಮಿ, ಮಳೆ ಬರುತ್ತಿತ್ತು. ಜನಕ್ಕೆ 'ಬಮ', ನೆಲಕ್ಕೆ 'ಬುಬು'. ಕಣಿವೆಯ ಮೇಲೆ ಕಾಣುವ ಬೆಟ್ಟ 'ಮಂಜಲ್ ದಿಂಬಿ'.

ಋತು ಅವರಿಗೆ ಐದು. ಜೋರು ಮಳೆಗಾಲ 'ಕಂಬರ್'. ಮೊದಲ ಗುಡುಗಿನ ಕಾಲ 'ಜರ್ರಮಲಿ'. ಉಳಿದ ಮೂರರ ಉಚ್ಚಾರ ನನಗೆ ಸರಿ ಬರಲಿಲ್ಲ, ತಪ್ಪು ಬರೆಯುವುದಕ್ಕಿಂತ ಬಿಡುತ್ತೇನೆ. ಕ್ಯಾಲೆಂಡರ್ ಗೋಡೆ ಮೇಲಿಲ್ಲ, ಗಿಡದ ಮೇಲಿದೆ. 'ಜಿಲ್ಙನ್' ಅಂತ ಒಂದು ಚಾಪೆಹುಲ್ಲು ಹೂ ಬಿಟ್ಟರೆ, 'ಜರುಕಾ' ಹಕ್ಕಿಯ ಮೊಟ್ಟೆ ತೆಗೆಯುವ ಕಾಲ. ಆ ಹಕ್ಕಿ ತರಗು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಹೂಳುತ್ತದೆ. ಹುಲ್ಲು ಇಲ್ಲಿ, ಗುಡ್ಡೆ ಎಲ್ಲೋ. ಒಂದನ್ನು ನೋಡಿ ಇನ್ನೊಂದು ತಿಳಿಯುವುದು. ನೋಡಿ, ಮತ್ತೆ 'ಙ' ಬಂತು.

ಕಾನ್ಮನೆ

ನಮ್ಮ ಅಜ್ಜ ಆರಿದ್ರ ಮಳೆಗೆ ಅಣಬೆ ಹುಡುಕೋಕೆ ಹೋಗ್ತಿದ್ದ. ಜಾಗ ಕೇಳಿದರೆ ಹೇಳ್ತಾ ಇರಲಿಲ್ಲ. "ನಾನು ಹೋದ ಮೇಲೆ ನೀನೇ ಹುಡ್ಕು" ಅಂತಿದ್ದ. ಹೋದ. ನಂಗೆ ಇನ್ನೂ ಸಿಕ್ಕಿಲ್ಲ.

ಐಟಿಪಯಣಿಗ

ಜುಲೈನಲ್ಲಿ ಟಿಕೆಟ್ ಮಾಡ್ತಾ ಇದ್ದೀನಿ. ನಡಿಗೆಗೆ ಮೊದಲೇ ಬುಕ್ ಮಾಡಬೇಕಾ? ಅಪ್ಪ ಅಮ್ಮ ಬರ್ತಾರೆ, ಅಪ್ಪನಿಗೆ ಮಂಡಿನೋವು.

ಆಗುಂಬೆಮಳೆ

ಮೊದಲೇ ಬುಕ್ ಮಾಡಿ, ಗುಂಪು ಚಿಕ್ಕದು. ದಾರಿ ಹೆಚ್ಚು ಏರಿಲ್ಲ, ಆದರೆ ಬೇರು, ಕಲ್ಲು, ಜಾರುತ್ತದೆ. ಅಪ್ಪನಿಗೆ ಕೋಲು ಇರಲಿ. ನಿಧಾನ ಹೋಗುತ್ತಾರೆ, ಅಲ್ಲಲ್ಲಿ ನಿಲ್ಲುತ್ತಾರೆ. ಸೊಳ್ಳೆ ಇದೆ. ಕೊನೆಯಲ್ಲಿ ಡ್ಯಾಂಪರ್ ರೊಟ್ಟಿ ಮತ್ತೆ ಟೀ ಕೊಡುತ್ತಾರೆ. ಅಮ್ಮನಿಗೆ ನೀಲಿ ಹಣ್ಣು ತೋರಿಸಲು ಮರೆಯಬೇಡಿ. ಚಗಳಿ ಮಾತ್ರ ಅವರೇ ಕೊಟ್ಟರೆ ತಿನ್ನಿ, ಗೂಡಿಗೆ ಕೈ ಹಾಕಬೇಡಿ. ನಮ್ಮ ಮಗನಿಗೆ ಎರಡು ಕಚ್ಚಿದ್ದವು. ಅವನು ಓಡಿಹೋದದ್ದು ಅದಕ್ಕೇ.